ರಾಜ್ಯ ಆಮೇಲೆ ಕೇಳಿ, ಮೊದಲು ಗಣಿತದ ಮಾಸ್ತರನ್ನು ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಮೊನ್ನೆಯ ಸಭೆಯಲ್ಲೂ ನೀವು ಅದೇ ಮಾತು ಹೇಳಿದಿರಿ. ನಮ್ಮ ಭಾಗಕ್ಕೆ ಹೀಗೇ ಅನ್ಯಾಯ ಆಗ್ತಾ ಇದ್ದರೆ ಪ್ರತ್ಯೇಕ ರಾಜ್ಯ ಕೇಳಬೇಕಾಗುತ್ತದೆ ಅಂತ. ಚಪ್ಪಾಳೆಯೂ ಜೋರಾಗಿ ಬಿತ್ತು. ಅನ್ಯಾಯ ಆಗಿಲ್ಲ ಅಂತ ನಾನೂ ಹೇಳುವುದಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. ಅವುಗಳಲ್ಲೂ ಜಾಸ್ತಿ ನಮ್ಮ ಕಲ್ಯಾಣ ಕರ್ನಾಟಕದವೇ, ಅಂದರೆ ಹಿಂದಿನ ಹೈದರಾಬಾದ್ ಕರ್ನಾಟಕದವು.

ಆದರೆ ಅವತ್ತು ನಾವು ನಿಮಗೊಂದು ಮನವಿ ತಂದಿದ್ದೆವು. ನಮ್ಮೂರ ಸರ್ಕಾರಿ ಹೈಸ್ಕೂಲಿಗೆ ಗಣಿತದ ಮಾಸ್ತರಿಲ್ಲ. ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಗಣಿತದ ಪೀರಿಯಡ್‌ಗೆ ಪಿಟಿ ಮಾಸ್ತರು ಬಂದು ಗದ್ದಲ ಆಗದಂತೆ ನೋಡಿಕೊಳ್ಳುತ್ತಾರೆ, ಅಷ್ಟೇ. ರಾತ್ರಿ ಅವಳು ಗೈಡ್ ಹಿಡಿದು ತ್ರಿಕೋನಮಿತಿಯ ಲೆಕ್ಕಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡುತ್ತಾಳೆ. ಕೇಳೋಕಾಗಲ್ಲ ಸಾಹೇಬ್ರೇ. ಆ ಮನವಿಯನ್ನು ನಿಮ್ಮ ಪಿಎ ಇಸಿದುಕೊಂಡರು. ಸ್ವಲ್ಪ ಹೊತ್ತಿಗೆ ಅದರ ಹಿಂದೆ ಯಾರದೋ ಫೋನ್ ನಂಬರ್ ಬರೆದು, ಅಷ್ಟು ತುಂಡು ಹರಿದು ಇನ್ನೊಬ್ಬರ ಕೈಗೆ ಕೊಟ್ಟರು. ನಮ್ಮೂರವರ ಸಹಿಗಳೆಲ್ಲ ಇದ್ದದ್ದು ಆ ತುಂಡಿನಲ್ಲೇ. ನೀವು ಪಕ್ಕದಲ್ಲೇ ನಿಂತಿದ್ದಿರಿ. ಒಂದು ಮಾತೂ ಆಡಲಿಲ್ಲ.

ಹೊಸ ರಾಜ್ಯ ಮಾಡುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನದು. ವಿಧಾನಸಭೆಯ ಅಭಿಪ್ರಾಯ ಕೇಳುತ್ತಾರೆ, ಒಪ್ಪಿಗೆಯನ್ನಲ್ಲ. ಇದು ನಿಮಗೆ ಗೊತ್ತಿರುವುದೇ. ತೆಲಂಗಾಣದವರು ದಶಕಗಟ್ಟಲೆ ಹೋರಾಡಿ 2014ರಲ್ಲಿ ರಾಜ್ಯ ಪಡೆದರು. ನನ್ನ ಮಗಳ ಪರೀಕ್ಷೆ ಅಲ್ಲಿಯವರೆಗೆ ಕಾಯುತ್ತದಾ?

ನಿಮ್ಮ ಕೈಯಲ್ಲಿರುವುದು ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ. ಅದರಿಂದಾಗಿ ಇಲ್ಲಿನ ಸಿ ದರ್ಜೆ ಸರ್ಕಾರಿ ಹುದ್ದೆಗಳಲ್ಲಿ ಶೇ 80 ನಮ್ಮ ಭಾಗದವರಿಗೇ ಮೀಸಲು. ನಮ್ಮ ಭಾಗದ ಅಭಿವೃದ್ಧಿ ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು ಅಂತಲೂ ಆ ವಿಧಿಯಲ್ಲೇ ಇದೆ. ಬಿ.ಎಡ್ ಮುಗಿಸಿದ ನಮ್ಮ ಹುಡುಗರು ಆ ಮೀಸಲಾತಿಯ ಅರ್ಹತಾ ಪ್ರಮಾಣಪತ್ರ ಹಿಡಿದು ಕೂತಿದ್ದಾರೆ. ಇತ್ತ ಶಾಲೆಯಲ್ಲಿ ಕುರ್ಚಿ ಖಾಲಿ. ಆ ಕುರ್ಚಿ ತುಂಬಿಸಿ.

ನಮ್ಮಜ್ಜ ನಿಜಾಮನ ಪರವಾಗಿದ್ದ ರಜಾಕಾರರ ಪಡೆಯ ಹಾವಳಿ ಕಂಡವರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿದ ಮೇಲೂ, ಕನ್ನಡಿಗರೆಲ್ಲ ಒಂದೇ ರಾಜ್ಯಕ್ಕೆ ಸೇರಲು 1956ರ ನವೆಂಬರ್ 1ರವರೆಗೆ ಕಾದವರು. ಅಷ್ಟು ಕಾದು ಪಡೆದದ್ದನ್ನು ನೀವು ಚಪ್ಪಾಳೆಗೋಸ್ಕರ ಬಿಟ್ಟುಕೊಡುವ ಮಾತಾಡಿದರೆ ಹೊಟ್ಟೆ ಉರಿಯುತ್ತದೆ. ಹೊಸ ರಾಜ್ಯ ಬಂದರೂ ಅಲ್ಲಿ ಶಾಸಕರು ನೀವೇ ಅಲ್ವಾ? ಇಲ್ಲಿ ಕೇಳದವರು ಅಲ್ಲಿ ಕೇಳುತ್ತೀರಿ ಅಂತ ಹೇಗೆ ನಂಬಲಿ?

ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿ. ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಯಾವ ತಾರೀಕಿಗೆ ತುಂಬುತ್ತೀರಿ ಅಂತ. ಅದಕ್ಕೂ ಮೊದಲು ನಮ್ಮ ಶಾಲೆಗೆ ಒಬ್ಬ ಅತಿಥಿ ಶಿಕ್ಷಕರನ್ನಾದರೂ ಹಾಕಿಸಿ. ಈ ತಿಂಗಳೇ ಹಾಕಿಸಿ. ಮನವಿಯನ್ನು ಮತ್ತೆ ಬರೆದು, ಸಹಿ ಹಾಕಿಸಿ ಇದರ ಜೊತೆಗೇ ಇಟ್ಟಿದ್ದೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ