ಸೆಕ್ಷನ್‌ಗೆ ಕೈ ಹಾಕುವ ಮುನ್ನ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ವೆಬ್‌ಸೈಟ್ ತೆರೆದು ನೋಡಿದೆ. ಬಣ್ಣ, ಅಕ್ಷರ ಎಲ್ಲ ಚೆನ್ನಾಗಿದೆ. ಬ್ಯಾನರ್‌ಗೂ ಅದರ ಕೆಳಗಿನ ಫೋಟೋಗಳಿಗೂ ನಡುವಿನ ಖಾಲಿ ಜಾಗ ಎಷ್ಟು ಎಳೆದರೂ ಹೋಗುತ್ತಿಲ್ಲ ಅಂತ ಬರೆದಿದ್ದೀಯ. ಹೇಗೆ ಹೋಗುತ್ತೆ ಹೇಳು? ನೀನು ಎಳೆಯುತ್ತಿರುವುದು ಫೋಟೋವನ್ನು. ಆ ಜಾಗ ಇರುವುದು ಅದರ ಹೊರಗಿನ ಬಾಕ್ಸ್‌ನಲ್ಲಿ.

ವೆಬ್‌ಸೈಟ್ ಕಟ್ಟುವ ಸಾಧನ, ಅಂದರೆ ಬಿಲ್ಡರ್, ಯಾವುದೇ ಆದರೂ ಪುಟದ ಕಟ್ಟೋಣ ಹೆಚ್ಚುಕಡಿಮೆ ಒಂದೇ. ಸೆಕ್ಷನ್ ಅನ್ನುವ ಹೊರಗಿನ ಬಾಕ್ಸ್ ಒಳಗೆ ಕಾಲಂ, ಕಾಲಂ ಒಳಗೆ ಬರಹ, ಫೋಟೋ, ಬಟನ್. ಆ ಬಾಕ್ಸ್‌ನ ಹೆಸರು ಮಾತ್ರ ಬೇರೆ: ವರ್ಡ್‌ಪ್ರೆಸ್‌ನಲ್ಲಿ ಗ್ರೂಪ್, ಎಲಿಮೆಂಟರ್‌ನಲ್ಲಿ ಕಂಟೇನರ್. ಪುಟದ ಮೇಲೆ ಕ್ಲಿಕ್ ಮಾಡಿದರೆ ಸಾಮಾನ್ಯವಾಗಿ ಒಳಗಿನದ್ದೇ ಕೈಗೆ ಸಿಗುತ್ತದೆ, ಹೊರಗಿನದು ಸಿಗುವುದಿಲ್ಲ. ಅದಕ್ಕೇ ಲಿಸ್ಟ್ ವ್ಯೂ ತೆರೆದಿಟ್ಟುಕೊಂಡು ಕೆಲಸ ಮಾಡು. ವರ್ಡ್‌ಪ್ರೆಸ್‌ನಲ್ಲಿ ಶಿಫ್ಟ್, ಆಲ್ಟ್, ಓ ಒಟ್ಟಿಗೆ ಒತ್ತಿದರೆ ಬರುತ್ತದೆ. ಯಾವುದರೊಳಗೆ ಯಾವುದಿದೆ ಅಂತ ಅಲ್ಲಿ ನೋಡಿ, ಬೇಕಾದ್ದನ್ನು ಅಲ್ಲಿಂದಲೇ ಆರಿಸಿಕೊ.

ಜಾಗ ಎಲ್ಲಿಂದ ಬಂತು ಅಂತ ಹುಡುಕಲು ನಾನು ಮಾಡುವುದು ಇಷ್ಟೇ. ಅನುಮಾನ ಇರುವ ಸೆಕ್ಷನ್‌ಗೆ ಕಣ್ಣಿಗೆ ಹೊಡೆಯುವಂಥ ಒಂದು ಹಿನ್ನೆಲೆ ಬಣ್ಣ ಕೊಡುತ್ತೇನೆ, ಕೆಂಪೇ ಇರಲಿ. ಖಾಲಿ ಜಾಗವೂ ಕೆಂಪಾದರೆ ಅದು ಆ ಸೆಕ್ಷನ್ ಒಳಗಿನದು, ಬಹುಪಾಲು ಪ್ಯಾಡಿಂಗ್, ಅಂದರೆ ಅಂಚಿನ ಒಳಗೆ ಬಿಟ್ಟ ಜಾಗ. ಕೆಂಪಾಗದಿದ್ದರೆ ಅಂಚಿನ ಹೊರಗೆ ಬಿಟ್ಟ ಜಾಗ, ಅಂದರೆ ಮಾರ್ಜಿನ್, ಇಲ್ಲವೇ ಪಕ್ಕದ ಸೆಕ್ಷನ್‌ನದು. ಎಷ್ಟೋ ಸಲ ಇಬ್ಬರದ್ದೂ ಪಾಲಿರುತ್ತದೆ. ಮೇಲಿನದಕ್ಕೆ ಕೆಳಗಡೆ 80 ಪಿಕ್ಸೆಲ್, ಕೆಳಗಿನದಕ್ಕೆ ಮೇಲ್ಗಡೆ 80 ಪಿಕ್ಸೆಲ್ ಪ್ಯಾಡಿಂಗ್ ಇದ್ದರೆ ನೋಡುವವರಿಗೆ ಕಾಣುವುದು 160. ಒಂದು ಕಡೆಯದನ್ನು ಸೊನ್ನೆ ಮಾಡಿದರೆ ಸಾಕು. ಆಮೇಲೆ ಬಣ್ಣ ತೆಗೆಯಲು ಮರೀಬೇಡ!

ಜಾಗ ಬೇಕು ಅಂತ ಸುಮ್ನೆ ಎಂಟರ್ ಒತ್ತುತ್ತಾ ಹೋಗುವ ಅಭ್ಯಾಸ ಮಾತ್ರ ಬೇಡ. ಕಂಪ್ಯೂಟರಿನಲ್ಲಿ ಸರಿ ಕಂಡ ಜಾಗ ಫೋನಿನಲ್ಲಿ ಅರ್ಧ ಪರದೆ ತಿನ್ನುತ್ತದೆ. ಪ್ಯಾಡಿಂಗ್ ಆದರೆ ಎಷ್ಟೋ ಬಿಲ್ಡರ್‌ಗಳಲ್ಲಿ ಫೋನಿಗೇ ಬೇರೆ ಅಳತೆ ಕೊಡಬಹುದು.

ಫೋನ್ ಅಂದಮೇಲೆ ಇನ್ನೊಂದು ಮಾತು. ನಿನ್ನ ಪರಿಚಯ ಪುಟದಲ್ಲಿ ಮೊದಲ ಸಾಲಿಗೆ ಎಡಕ್ಕೆ ಫೋಟೋ, ಬಲಕ್ಕೆ ಬರಹ. ಎರಡನೇ ಸಾಲಿಗೆ ಎಡಕ್ಕೆ ಬರಹ, ಬಲಕ್ಕೆ ಫೋಟೋ. ದೊಡ್ಡ ಪರದೆಯಲ್ಲಿ ಚೆಂದ. ಫೋನಿನಲ್ಲಿ ಕಾಲಂಗಳು ಒಂದರ ಕೆಳಗೊಂದು ಇಳಿಯುತ್ತವೆ, ಎಡಗಡೆಯದು ಮೊದಲು. ಆಗ ಫೋಟೋ, ಬರಹ, ಬರಹ, ಫೋಟೋ ಅಂತಾಗಿ ಯಾವ ಬರಹ ಯಾವ ಫೋಟೋದ್ದು ಅಂತಲೇ ಗೊತ್ತಾಗುವುದಿಲ್ಲ. ಇಂಥ ಕಡೆ ಕಾಲಂ ಬದಲು ಫೋಟೋ, ಬರಹ ಎರಡನ್ನೂ ಜೋಡಿಯಾಗಿ ಇಡುವ ವರ್ಡ್‌ಪ್ರೆಸ್‌ನ ಮೀಡಿಯಾ ಅಂಡ್ ಟೆಕ್ಸ್ಟ್ ಬ್ಲಾಕ್ ಹಾಕು. ಫೋಟೋ ಬಲಕ್ಕಿದ್ದರೂ ಫೋನಿನಲ್ಲಿ ಅದೇ ಮೇಲೆ ಬರುತ್ತದೆ.

ಕೆಲವರು ಇದಕ್ಕೆ ಅಡ್ಡದಾರಿ ಹಿಡಿಯುತ್ತಾರೆ: ಫೋನಿಗೊಂದು, ಕಂಪ್ಯೂಟರಿಗೊಂದು ಅಂತ ಎರಡು ಸೆಕ್ಷನ್ ಮಾಡಿ ಒಂದನ್ನು ಅಡಗಿಸುವುದು. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ಅಡಗಿಸಿದ್ದು ಕಾಣುವುದಿಲ್ಲ ಅಷ್ಟೇ, ಪುಟದ ಜೊತೆ ಅದೂ ಇಳಿಯುತ್ತದೆ. ನಾಳೆ ಒಂದರಲ್ಲಿ ಫೋನ್ ನಂಬರ್ ತಿದ್ದಿ ಇನ್ನೊಂದರಲ್ಲಿ ಮರೆತರೆ ಯಾರಿಗೆ ಬೇಕು ಆ ತಲೆನೋವು?

ಶೀರ್ಷಿಕೆ ದಪ್ಪ ಕಾಣಲಿ ಅಂತ ಎಚ್1, ಚಿಕ್ಕದಾಗಲಿ ಅಂತ ಎಚ್4 ಆರಿಸಬೇಡ. ಅವು ಹೇಳುವುದು ಯಾವ ಶೀರ್ಷಿಕೆ ಯಾವುದರ ಕೆಳಗೆ ಅನ್ನುವ ಕ್ರಮವನ್ನು, ಅಳತೆಯನ್ನಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಪುಟದ ಜಾಡು ಸಿಗುವುದು ಆ ಕ್ರಮದಿಂದಲೇ. ಅಳತೆ ಬದಲಿಸಲು ಬೇರೆ ಸೆಟ್ಟಿಂಗ್ ಇದೆ.

ಕೊನೆಯ ಸೆಕ್ಷನ್, ಅದೇ 'ಸಂಪರ್ಕಿಸಿ' ಅಂತ ಎಲ್ಲ ಪುಟಗಳಲ್ಲೂ ಇಟ್ಟಿದ್ದೀಯಲ್ಲ, ಅದರ ಹತ್ತಿರ ಸ್ವಲ್ಪ ಹುಷಾರು. ಅದು ಸಿಂಕ್ಡ್ ಪ್ಯಾಟರ್ನ್ ಆಗಿದ್ದರೆ ಒಂದು ಪುಟದಲ್ಲಿ ತಿದ್ದಿದ್ದು ಎಲ್ಲ ಕಡೆಯೂ ಬದಲಾಗುತ್ತದೆ. 2023ರಲ್ಲಿ ವರ್ಡ್‌ಪ್ರೆಸ್ 6.3 ಬರುವ ತನಕ ಇದನ್ನೇ ರಿಯೂಸಬಲ್ ಬ್ಲಾಕ್ ಅನ್ನುತ್ತಿದ್ದರು, ಹಳೇ ಪಾಠಗಳಲ್ಲಿ ಆ ಹೆಸರೇ ಸಿಗುತ್ತದೆ. ಈ ಪುಟಕ್ಕೆ ಮಾತ್ರ ಬದಲಾವಣೆ ಬೇಕಿದ್ದರೆ ಮೊದಲು ಡಿಟ್ಯಾಚ್ ಮಾಡಿಕೊಂಡು, ಅಂದರೆ ಉಳಿದ ಪುಟಗಳ ನಂಟು ಬಿಡಿಸಿಕೊಂಡು, ಆಮೇಲೆ ತಿದ್ದು.

ನಿನ್ನ
ದೊಡ್ಡಮ್ಮ