ದೊಡ್ಡ ಮನೆಯ ಬೆಲೆ ಸೋರುವುದು ಕಡತದಲ್ಲಿ

ಮಾನ್ಯ ಸಂಪಾದಕರೆ,

ಬೆಂಗಳೂರಿನ ಸದಾಶಿವನಗರ, ಜಯನಗರ, ಕೋರಮಂಗಲದಂಥ ಬಡಾವಣೆಗಳಲ್ಲಿ ಹಲವು ಕೋಟಿ ಬೆಲೆಬಾಳುವ ಸ್ವಂತ ಮನೆಯನ್ನು ಮಾರಲು ಹೊರಟವರಿಗೆ ಸಿಗುವ ಸಲಹೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಸುಣ್ಣಬಣ್ಣ ಮಾಡಿಸಿ, ಒಳ್ಳೆಯ ಫೋಟೊ ತೆಗೆಸಿ, ಹಳೆಯ ಸಾಮಾನು ಸಾಗಹಾಕಿ. ಈ ಸಲಹೆಗಳಲ್ಲಿ ತಪ್ಪೇನಿಲ್ಲ. ಆದರೆ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಆಸ್ತಿಪತ್ರಗಳನ್ನು ಪರಿಶೀಲಿಸುತ್ತಲೇ ನಿವೃತ್ತನಾದ ನಾನು ಕಂಡಂತೆ, ಇಂಥ ಮನೆಗಳ ಬೆಲೆ ನಿಜವಾಗಿ ಇಳಿಯುವುದು ಬೀರುವಿನಲ್ಲಿರುವ ಕಡತವನ್ನು ಬಿಚ್ಚಿದ ದಿನ.

ಮಾತುಕತೆ ಕುದುರಿ ಮುಂಗಡದ ಹಂತ ತಲುಪಿದಾಗ ಕೊಳ್ಳುವವರ ವಕೀಲರು ಮಂಜೂರಾದ ನಕ್ಷೆಯನ್ನು ಮೇಜಿನ ಮೇಲೆ ಹರಡುತ್ತಾರೆ. ನಕ್ಷೆಯಲ್ಲಿರುವುದು ನೆಲಮಹಡಿ ಮತ್ತು ಒಂದು ಅಂತಸ್ತು. ಮನೆಯಲ್ಲಿ ಅದರ ಮೇಲೊಂದು ಹೋಂ ಥಿಯೇಟರ್ ಎದ್ದಿರುತ್ತದೆ. ಹಿಂಬದಿಯಲ್ಲಿ ಖಾಲಿ ಬಿಡಬೇಕಾದ ಜಾಗದಲ್ಲಿ ಕೆಲಸದವರ ಕೋಣೆಯಿರುತ್ತದೆ. ಕಟ್ಟಡ ನಕ್ಷೆಯಂತೆಯೇ ಇದೆ, ವಾಸಿಸಬಹುದು ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ (ಒ.ಸಿ.) ಎಲ್ಲಿ ಎಂದರೆ, ‘ಆ ಕಾಲದಲ್ಲಿ ಅದನ್ನೆಲ್ಲ ಯಾರು ತಗೋತಿದ್ರು ಸಾರ್?’ ಎಂಬ ಉತ್ತರ. ಅಲ್ಲಿಂದ ಮುಂದೆ ಇಟಾಲಿಯನ್ ಮಾರ್ಬಲ್ಲಿಗೂ ತೇಗದ ಬಾಗಿಲಿಗೂ ಬೆಲೆಯಿಲ್ಲ, ‘ಇದಕ್ಕೆಷ್ಟು ಬಿಡ್ತೀರಿ?’ ಎಂಬುದೊಂದೇ ಪ್ರಶ್ನೆ. ಈ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ನೀಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದ ಮೇಲಂತೂ ಕೊಳ್ಳುವವರ ಕೈ ಇನ್ನಷ್ಟು ಮೇಲಾಗಿದೆ.

ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಪಾಲಿಕೆ ತೆರಿಗೆಗಾಗಿ ಇಡುವ ದಾಖಲೆಯಾದ ಖಾತಾ ವಿಷಯವೂ ಹೀಗೆಯೇ. 2024ರ ಕೊನೆಯ ತಿಂಗಳುಗಳಿಂದ ನಗರದಲ್ಲಿ ಅದರ ಡಿಜಿಟಲ್ ರೂಪವಾದ ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ತಂದೆ ತೀರಿಕೊಂಡು ಎಷ್ಟೋ ವರ್ಷವಾದರೂ ಖಾತಾ ಅವರ ಹೆಸರಿನಲ್ಲೇ ಉಳಿದಿರುವುದು, ಕ್ರಯಪತ್ರದ ಹೆಸರಿಗೂ ಆಧಾರ್‌ನ ಹೆಸರಿಗೂ ತಾಳೆಯಾಗದಿರುವುದು, ಅಮೆರಿಕದಲ್ಲಿರುವ ತಂಗಿಯಿಂದ ಹಕ್ಕು ಬಿಡುಗಡೆ ಪತ್ರವನ್ನಾಗಲಿ ಅಧಿಕಾರ ಪತ್ರವನ್ನಾಗಲಿ ಪಡೆಯದಿರುವುದು ದೊಡ್ಡ ಮನೆತನಗಳಲ್ಲಿ ಅಪರೂಪವೇನಲ್ಲ. ಗಿರಾಕಿ ಸಿಕ್ಕ ಮೇಲೆ ಇವನ್ನು ಸರಿಪಡಿಸಲು ಹೊರಟರೆ ತಿಂಗಳುಗಳೂ ಹೋಗುತ್ತವೆ, ಗಿರಾಕಿಯೂ ಹೋಗುತ್ತಾರೆ.

ಬೆಲೆ ಹೇಳುವಾಗ ಎದುರಿಗಿರುವವರ ಲೆಕ್ಕವನ್ನೂ ತಿಳಿದಿರಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದ್ದು, ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಕೊಳ್ಳುವವರ ಹೊರೆ ಶೇ 7.6 ಆಗುತ್ತದೆ. ಹತ್ತು ಕೋಟಿಯ ಮನೆಗೆ ಇದು 76 ಲಕ್ಷ ರೂಪಾಯಿ. ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸೋಣ, ಉಳಿದದ್ದನ್ನು ನಗದಾಗಿ ಕೊಡುತ್ತೇನೆಂಬ ಮಾತು ಹುಟ್ಟುವುದೇ ಇಲ್ಲಿ. ಮಾರುವವರು ಅದನ್ನು ಲಾಭವೆಂದು ಭಾವಿಸುತ್ತಾರೆ; ಶುಲ್ಕದ ಉಳಿತಾಯ ಕೊಳ್ಳುವವರದು, ಅಪಾಯ ಮಾತ್ರ ಮಾರುವವರದು. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ತೆರಬೇಕಾದೀತು. ಅದೇ ಹಣ ಬ್ಯಾಂಕಿನ ಮೂಲಕ ಬಂದರೆ, ಮಾರಾಟದ ಲಾಭವನ್ನು ನಿಗದಿತ ಅವಧಿಯೊಳಗೆ ಇನ್ನೊಂದು ಮನೆಗೆ ತೊಡಗಿಸಿ ಹತ್ತು ಕೋಟಿಯವರೆಗೆ ತೆರಿಗೆ ವಿನಾಯಿತಿ ಪಡೆಯುವ ದಾರಿಯಿದೆ. ಒಪ್ಪಿದ ಬೆಲೆಯನ್ನು ಪೂರ್ತಿಯಾಗಿ ಕ್ರಯಪತ್ರದಲ್ಲಿ ಬರೆಸುವುದರಲ್ಲೇ ಮಾರುವವರಿಗೆ ಹಿತವಿದೆ.

ದಲ್ಲಾಳಿಗಳ ಬಗ್ಗೆ ಒಂದು ಮಾತು. ಕಂಡಕಂಡವರಿಗೆಲ್ಲ ಕೀಲಿಕೈ ಕೊಟ್ಟು, ಒಂದೇ ಮನೆ ಮೂರು ಆ್ಯಪ್‌ಗಳಲ್ಲಿ ಮೂರು ಬೆಲೆಗೆ ಕಾಣಿಸಿಕೊಂಡರೆ, ಯಾವ ಗಿರಾಕಿಯೂ ಅವುಗಳಲ್ಲಿ ಕಡಿಮೆಯದಕ್ಕಿಂತ ಮೇಲೇರುವುದಿಲ್ಲ. ಕಮಿಷನ್ ಎಷ್ಟು, ಎಷ್ಟು ದಿನದ ಗಡುವು ಎಂದು ಬರವಣಿಗೆಯಲ್ಲಿ ಒಪ್ಪಿಕೊಂಡು ಒಬ್ಬರಿಗೇ ವಹಿಸುವುದು ಮೇಲು.

ಮನೆಯವರು ಮಾಡಬೇಕಾದ್ದು ಇಷ್ಟಾದರೆ, ಆಡಳಿತ ಮಾಡಬೇಕಾದ್ದೂ ಇದೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯ ಐದು ಪಾಲಿಕೆಗಳು ಇ-ಖಾತಾದಲ್ಲಿನ ಹೆಸರು ಮತ್ತು ಅಳತೆಯ ತಿದ್ದುಪಡಿ ಅರ್ಜಿಗಳಿಗೆ ಕಟ್ಟುನಿಟ್ಟಿನ ಕಾಲಮಿತಿ ಗೊತ್ತುಮಾಡಬೇಕು; ಅರ್ಜಿ ತಿರಸ್ಕರಿಸಿದಲ್ಲಿ ಯಾವ ದಾಖಲೆಯ ಕೊರತೆಯಿಂದ ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

– ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ, ಬೆಂಗಳೂರು