ಅಪ್ಪನಿಗೆ, ಐಂಡ್‌ಹೋವನ್‌ನಿಂದ

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್
19 ಅಕ್ಟೋಬರ್ 2025

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಾಳೆ ನೀವೆಲ್ಲ ಎಣ್ಣೆ ಸ್ನಾನ ಮಾಡುವ ಹೊತ್ತಿಗೆ ನಾನಿಲ್ಲಿ ಆಫೀಸಿಗೆ ಸೈಕಲ್ ತುಳಿಯುತ್ತಿರುತ್ತೇನೆ.

ಮೊನ್ನೆ ಫೋನಿನಲ್ಲಿ ಇಲ್ಲಿನ ಚುನಾವಣೆ ಬಗ್ಗೆ "ನಿಮ್ಮೂರಲ್ಲಿ ಯಾರು ಗೆಲ್ತಾರೆ?" ಅಂದಿರಿ. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡರು. ಅಪ್ಪ, ಇಲ್ಲಿ ಯಾರೂ ಗೆಲ್ಲೋದಿಲ್ಲ. ಸಂಸತ್ತಿನ ಕೆಳಮನೆಗೆ 150 ಸೀಟು, ಬಹುಮತಕ್ಕೆ 76. ನೂರು ವರ್ಷದಲ್ಲಿ ಯಾವ ಪಕ್ಷವೂ ಒಂಟಿಯಾಗಿ ಅಷ್ಟು ಮುಟ್ಟಿಲ್ಲ. 2023ರಲ್ಲಿ ವಲಸೆ ವಿರೋಧಿಸುವ ನಾಯಕ ವಿಲ್ಡರ್ಸ್ ಅವರ ಪಕ್ಷ 37 ಸೀಟು ಗೆದ್ದು ಎಲ್ಲರಿಗಿಂತ ಮುಂದಿತ್ತು. ಸರ್ಕಾರ ಕಟ್ಟಲು 223 ದಿನ ಚೌಕಾಶಿ ನಡೆಯಿತು. ಕೊನೆಗೆ ಪ್ರಧಾನಿಯಾದದ್ದು ಯಾವ ಪಕ್ಷಕ್ಕೂ ಸೇರದ ಅಧಿಕಾರಿ, ಡಿಕ್ ಸ್ಕೋಫ್. ಹನ್ನೊಂದೇ ತಿಂಗಳಿಗೆ, ಆಶ್ರಯ ಕೇಳಿ ಬರುವವರ ವಿಷಯಕ್ಕೆ ವಿಲ್ಡರ್ಸ್ ಸರ್ಕಾರದಿಂದ ಎದ್ದು ಹೊರನಡೆದರು. ಅದಕ್ಕೇ ಇದೇ 29ಕ್ಕೆ ಮತ್ತೆ ಚುನಾವಣೆ.

ಕೆಳಗಿನ ಮನೆ ಅಜ್ಜಿ ಅಭ್ಯರ್ಥಿಗಳ ಪಟ್ಟಿಯನ್ನು ಮೇಜಿನ ತುಂಬ ಹರಡಿ, ಮಡಚಿಕೊಳ್ಳದಿರಲಿ ಅಂತ ಮೂಲೆಗೆ ಕಾಫಿ ಕಪ್ ಇಟ್ಟಿದ್ದರು. 27 ಪಕ್ಷ! ಪ್ರಾಣಿಗಳ ಪರ ಒಂದು. ನಿಮಗಂತಲೇ 50ಪ್ಲಸ್ ಅಂತ ಇನ್ನೊಂದು. ನೂರಕ್ಕೆ ಒಂದು ಓಟೂ ಬೇಡ, 0.67 ಬಂದರೆ ಒಂದು ಸೀಟು. ಮಷೀನಿಲ್ಲ, ಕೆಂಪು ಪೆನ್ಸಿಲ್‌ನಲ್ಲಿ ಹೆಸರಿನ ಮುಂದಿನ ವೃತ್ತ ತುಂಬಬೇಕು. ಅಜ್ಜಿಗೆ ಮಂಡಿನೋವು, ಅವರ ಓಟನ್ನು ಮಗಳು ಹಾಕುತ್ತಾಳಂತೆ. ಗಾಬರಿಯಾಗಬೇಡಿ, ಕಳ್ಳ ಓಟಲ್ಲ. ಮತದಾನದ ಪಾಸಿನ ಹಿಂದೆ ಸಹಿ ಮಾಡಿ, ಗುರುತಿನ ಚೀಟಿಯ ನಕಲು ಕೊಟ್ಟರೆ ಕಾನೂನೇ ಒಪ್ಪುತ್ತದೆ.

ಮೊಮ್ಮಗನಿಗೆ ಇಪ್ಪತ್ತೆಂಟಾದರೂ ಬಾಡಿಗೆ ಮನೆ ಸಿಕ್ಕಿಲ್ಲ ಅಂತ ಅಜ್ಜಿ ಗೊಣಗಿದರು. ಎಲ್ಲರ ಬಾಯಲ್ಲೂ ಮನೆ ಅಭಾವದ್ದೇ ಮಾತು. ಹೊರಗಿನವರು ಬಂದದ್ದೇ ಕಾರಣ ಅನ್ನುವ ಪಕ್ಷಗಳೂ ಇವೆ. ಅಜ್ಜಿ ಹಾಗನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸಿದರು. ನನಗೂ ಏನು ಹೇಳಬೇಕೋ ತೋಚಲಿಲ್ಲ. ನಾನಿರೋದೂ ಬಾಡಿಗೆ ಮನೆಯೇ ತಾನೆ.

ನನಗಿಲ್ಲಿ ಈ ಓಟಿಲ್ಲ. ಐದು ವರ್ಷ ತುಂಬಿದರೆ ನಗರಸಭೆಗೆ ಮಾತ್ರ ಹಾಕಬಹುದು. ನಮ್ಮ ದೇಶದ ಓಟು ಹಾಕಬೇಕೆಂದರೆ ವಿಮಾನ ಹತ್ತಿ ಮೈಸೂರಿಗೇ ಬರಬೇಕು.

ಅಜ್ಜಿಗೆ ನಮ್ಮ ಓಟಿನ ಶಾಯಿಯ ಸುದ್ದಿ ಹೇಳಿದೆ. ಇಡೀ ಭಾರತದ ಬೆರಳಿಗೆ ಹಚ್ಚೋದು ನಮ್ಮೂರ ಕಾರ್ಖಾನೆಯದು ಅಂದಾಗ ಅಜ್ಜಿ ತಮ್ಮ ಉಗುರು ನೋಡಿಕೊಂಡು, ಮುಂದಿನ ಸಲ ಒಂದು ಶೀಶೆ ತಾ ಅಂದರು. ಅಂಗಡಿಯಲ್ಲಿ ಸಿಗಲ್ಲ ಅಂದೆ. ಅದರ ಬದಲು ಮೈಸೂರುಪಾಕ್ ಒಪ್ಪಿಕೊಂಡಿದ್ದಾರೆ, ಅಮ್ಮನಿಗೆ ಹೇಳಿ.

ನಿಮ್ಮ
ಪುಟ್ಟ